ಕೆರೆ ಒಪ್ಪಿದರೆ

ತಗಡಿನ ಮೇಲೆ ಸುಣ್ಣದಲ್ಲಿ ಬರೆದಿದೆ:
'ನೀರುಗಿರಣಿ. ನೋಡಲು ತೆರೆದಿದೆ.
ಭಾನುವಾರ, ಹತ್ತರಿಂದ ಒಂದು,
ಕೆರೆ ಒಪ್ಪಿದರೆ.'

ಟೇಕಲ್ಲಿನಲ್ಲಿ ಪ್ಯಾಸೆಂಜರ್ ಗಾಡಿ ಇಳಿದು
ಬಂಡೆಗಳ ನಡುವೆ ಎರಡು ಸಲ ದಾರಿ ತಪ್ಪಿ ಬಂದೆ.
ಟಿಕೆಟ್ಟು ಎಷ್ಟು ಅಂದರೆ ಸೊಣ್ಣಮ್ಮ ನನ್ನ ಕೈ ನೋಡಿದಳು:
'ಒಂದು ಸೇರು ರಾಗಿ ತಂದಿದ್ದೀಯಾ?
ಬರಿಗೈಲಿ ಬಂದೋರಿಗೆ ತೋರಿಸೋಕಾಗಲ್ಲ.
ಕಾಳಿಲ್ಲದೆ ತಿರುಗಿದರೆ
ಕಲ್ಲು ಕಲ್ಲನ್ನೇ ತಿನ್ನುತ್ತೆ.'

ಪಕ್ಕದ ಅಂಗಡಿಯಲ್ಲಿ ಅದಕ್ಕೆಂದೇ
ಸೇರು ಸೇರಿನ ಪೊಟ್ಟಣ ಕಟ್ಟಿಟ್ಟಿದ್ದಾರೆ.
ಅಂಗಡಿಯೂ ಅವಳದೇ.

ಬಗ್ಗಿಯೇ ಒಳಗೆ ಹೋಗಬೇಕು.
ಬಗ್ಗದವರ ಹಣೆ ತಾಗಿ ತಾಗಿ
ನುಣುಪಾದ ತೊಲೆಯೊಂದು ಬಾಗಿಲಲ್ಲೇ ಇದೆ.
ನನ್ನ ಹಣೆಯೂ ಅದಕ್ಕೆ ಅಷ್ಟು ಎಣ್ಣೆ ಕೊಟ್ಟಿತು.

ಇದನ್ನು ಕಟ್ಟಿದ್ದು ಅವಳ ತಾತ ನಾರೆಪ್ಪ,
ಚಿನ್ನದ ಗಣಿಯಲ್ಲಿ ಫಿಟ್ಟರ್ ಆಗಿದ್ದವನು.
ಅಲ್ಲಿ ವೇಲ್ಸಿನ ಒಬ್ಬ ದೊರೆ,
ಬೇಸಿಗೆಯ ಒಂದು ಮಧ್ಯಾಹ್ನ ಊರು ನೆನಪಾಗಿ,
ಸಿಗರೇಟು ಪೊಟ್ಟಣದ ಒಳಮೈ ಮೇಲೆ
ತನ್ನೂರ ಗಿರಣಿಯ ಚಕ್ರ ಗೀಚಿ ಕೊಟ್ಟನಂತೆ.
ಅವನ ಹೆಸರು ಮರೆತಿದೆ.
ಅವನೂರಿನ ಹೆಸರು ಇವರ ನಾಲಗೆಗೆ ಯಾವತ್ತೂ ಸಿಗಲೇ ಇಲ್ಲ.
ಅಲ್ಲಿ ಮಳೆ ನಿಲ್ಲುವುದೇ ಇಲ್ಲವಂತೆ,
ಚಿತ್ರದಲ್ಲಿ ಅದೊಂದನ್ನು ಬರೆಯಲು ಮರೆತಿದ್ದ.

ಅದು ನಾರೆಪ್ಪನಿಗೆ ಗೊತ್ತಾಗುವಷ್ಟರಲ್ಲಿ
ಜಾಲಿಮರದ ಹಲ್ಲು, ಟೇಕಲ್ ಬಂಡೆಯ ಕಲ್ಲು,
ಹೆಂಡತಿಯ ಅಡ್ಡಿಕೆ, ಎಲ್ಲ ಖರ್ಚಾಗಿತ್ತು.
ತೂಬು ತೆಗೆದ ದಿನ ತಿರುಗಿತು.
ಮುಚ್ಚಿದ ದಿನ ನಿಂತಿತು.
ಆಮೇಲೆ ಮೂವತ್ತು ವರ್ಷ
ಚಕ್ರದ ಮೆಟ್ಟಿಲ ಮೇಲೆ ಕೋಳಿ ಮಲಗಿದವು.

'ಈಗ ನೀರು ಎಲ್ಲಿಂದ?' ಅಂದೆ.
ಸೊಣ್ಣಮ್ಮ ಸೆರಗಿನಲ್ಲಿ ಹಿಟ್ಟು ಒರೆಸಿಕೊಂಡು
'ನಿಮ್ಮ ಕಡೆಯಿಂದಾನೇ' ಅಂದಳು.

ಕೋರಮಂಗಲದ ಕಣಿವೆಯಿಂದ, ಪೈಪಿನಲ್ಲಿ,
ದಿಣ್ಣೆ ಹತ್ತಿ, ಕೆರೆಯಿಂದ ಕೆರೆಗೆ.
ಎರಡು ಸಲ ಸೋಸಿದ್ದಾರಂತೆ.
ಮೂರನೆಯದನ್ನು ಕೆರೆಗೇ ಬಿಟ್ಟಿದ್ದಾರಂತೆ.
ಈಜಿಪುರದ ನನ್ನ ಬಚ್ಚಲ ನೀರು
ನನಗಿಂತ ಮೊದಲೇ ಇಲ್ಲಿಗೆ ಬಂದು
ಕೆಲಸಕ್ಕೆ ಸೇರಿಕೊಂಡಿದೆ.

ಅವಳು ಹಲಗೆ ಎತ್ತಿದಳು.
ಮೊದಲು ಏನೂ ಆಗಲಿಲ್ಲ.
ಆಮೇಲೆ ಗೋಡೆ ಕೆಮ್ಮಿತು. ಒಂದು ಹಲ್ಲು
ಇನ್ನೊಂದು ಹಲ್ಲನ್ನು ಹುಡುಕಿ ಕಚ್ಚಿಕೊಂಡಿತು,
ನೆಲ ಅಂಗಾಲಿನಲ್ಲಿ ಗುನುಗತೊಡಗಿತು,
ಚಕ್ರದ ಮೈತುಂಬ ನೊರೆ.
ಬೆಳ್ಳಗಿರುವುದೆಲ್ಲ ಹಾಲಲ್ಲ,
ಅದು ನನಗೆ ಚೆನ್ನಾಗಿಯೇ ಗೊತ್ತು,
ಬ್ರಾಂಡು ಸಮೇತ.

ಕಾರಿನಲ್ಲಿ ಬಂದಿದ್ದ ದಂಪತಿ
ಮೂಗಿಗೆ ದುಪಟ್ಟಾ ಹಿಡಿದು ಫೋಟೋ ತೆಗೆದರು.
ಹಿಟ್ಟು ಬೇಡ ಅಂದರು.
'ನೀರು ಚಕ್ರಕ್ಕೆ ಮಾತ್ರ ಕಣಮ್ಮ, ಹಿಟ್ಟಿಗೆ ತಾಗಲ್ಲ,'
ಅವಳು ಇದನ್ನು ದಿನಕ್ಕೆ ಎಷ್ಟು ಸಲ ಹೇಳುತ್ತಾಳೋ,
ದನಿಯಲ್ಲಿ ಬೇಸರವೂ ಸವೆದಿದೆ.
ಬೇಡವೆಂದವರ ಹಿಟ್ಟನ್ನು ಒಂದು ಡಬ್ಬಕ್ಕೆ ಸುರಿದು
ಮುಚ್ಚಳ ತಟ್ಟಿ ಕೂರಿಸಿದಳು.
ಅದರ ಲೆಕ್ಕ ಅವಳದೇ.

ನನ್ನ ಸೇರಿಗೆ ಅಂಗೈ ಒಡ್ಡಿದೆ.
ನಮ್ಮ ಬೀದಿಯ ಮಿಲ್ಲಿನ ಹಿಟ್ಟು ಸುಡುತ್ತದೆ,
ಇದು ನಿದ್ದೆಯಿಂದೆದ್ದ ಮಗುವಿನ ಕೆನ್ನೆಯಷ್ಟು ಬಿಸಿ.

ಪೊಟ್ಟಣದ ಚಿತ್ರ ತೋರಿಸು ಅಂದದ್ದಕ್ಕೆ
'ಇಲಿ ತಿಂತು' ಅಂದಳು.
'ಅದಕ್ಕೂ ಹಸಿವು ತೀರಿರಲ್ಲ ಬಿಡು.'

ರಾತ್ರಿ ಮುದ್ದೆ ಕಟ್ಟಿದೆ.
ಒಂದು ತುತ್ತಲ್ಲಿ ಕಲ್ಲಿನ ಚೂರು ಸಿಕ್ಕಿತು,
ಸಾಸಿವೆಯಷ್ಟು. ಟೇಕಲ್ಲಿನದಿರಬೇಕು.
ಉಗಿಯದೆ ತಟ್ಟೆಯಂಚಿನಲ್ಲಿಟ್ಟು
ಉಳಿದದ್ದು ನುಂಗಿದೆ.

ಪಾತ್ರೆ ತಿಕ್ಕುವಾಗ
ಸೋಪು ಸ್ವಲ್ಪ ಕಡಿಮೆ ಹಾಕಿದೆ.