‘ಇದೆಲ್ಲಿಯದೋ’

ಸಲೈನಾದ ಮಾರ್ವಾ ಕೊಂಡದ್ದು ಅರ್ಧ ಹಾಟ್ ರಾಡ್;
ಜೊತೆಗೆ ಮೂರು ಕಾಫಿ ಡಬ್ಬಿ ತುಂಬ ಬೋಲ್ಟು.
ಒಂದೊಂದಕ್ಕೂ ತೀರಿಹೋದ ಆರ್ವಿಲ್‌ನ ಪೆನ್ಸಿಲ್ ಚೀಟಿ:
‘ಎಡ ಮುಂದು’, ‘ಬ್ರೇಕು’,
‘ಇದೆಲ್ಲಿಯದೋ’.

ಅವನ ಬೆಸುಗೆ ಕತ್ತಲಲ್ಲಿ ಹಾಕಿದ ಹೊಲಿಗೆ.
ಬಯ್ಯುತ್ತಲೇ ಕತ್ತರಿಸಿದಳು.
ಸ್ಟೀರಿಂಗ್ ಸರಳು ಗೇಣು ಗಿಡ್ಡ,
ಅದನ್ನೂ ಬಿಸಾಡಿದಳು.
ಚೀಟಿಗಳನ್ನು ಮಾತ್ರ ಇಟ್ಟುಕೊಂಡಳು, ಯಾಕೋ.

ಮೇ ತಿಂಗಳು. ಪಾಳು ರನ್‌ವೇ ಮೇಲೆ ಕಿತ್ತಳೆ ಶಂಕುಗಳು.
ಗಾಳಿಗೆ ಕನ್ಸಾಸ್‌ನ ಗೋಧಿಯೆಲ್ಲ ಒಂದು ಕಡೆ ವಾಲಿದರೆ
ತಿರುವಿನಲ್ಲಿ ಇವಳ ಗಾಡಿ ಇನ್ನೊಂದು ಕಡೆ.
ಐವತ್ತೆಂಟು ಸೆಕೆಂಡು;
ಉರುಳಿದ ಶಂಕುವಿಗೆ ಮೇಲೆರಡು ದಂಡ.

ಹೊಸ ನಂಬರ್ ಪ್ಲೇಟಿನಲ್ಲೇ ಮನೆಕಡೆ ಹೊರಟವಳು
ಕೆಂಪು ದೀಪಕ್ಕೆ ನಿಂತಾಗ
ಸೀಟಿನಡಿ ಎಲ್ಲೋ ಕಿಣಿಕಿಣಿ, ಕಿಣಿಕಿಣಿ.

ಜೇಬು ಮುಟ್ಟಿ ನೋಡಿಕೊಂಡಳು.
ಹಸಿರು ಬಂದರೂ ನಗುತ್ತಿದ್ದಳು,
ಹಿಂದಿನ ಟ್ರಕ್ಕು ಹಾರ್ನ್ ಹೊಡೆಯುವ ತನಕ.