ಆರು ರನ್ನಿನ ಕಾರ್ಡು

ಪೆನ್ಷನ್ ಮೊಹಲ್ಲಾದಲ್ಲಿ ಕರೆಂಟು ಹೋಯಿತೆಂದರೆ
ನನ್ನ ಜೆರಾಕ್ಸ್ ಮಿಷನ್ನು ಎಮ್ಮೆಯ ಹಾಗೆ ಮಲಗಿಬಿಡುತ್ತದೆ.
ಪಕ್ಕದ ಮೊಬೈಲ್ ರಿಪೇರಿಯ ಮುಬಷಿರ್ ಬಂದ,
ಕೈಯಲ್ಲಿ ಕುದುರೆಗೆ ಕಟ್ಟುವಂಥದೊಂದು ಕಣ್ಣುಪಟ್ಟಿ.
"ರಿಪೇರಿಗೆ ಬಂದಿದ್ದು ಆಂಟಿ, ಹಾಕ್ಕೊಂಡು ನೋಡಿ,
ತಲೆ ತಿರುಗುತ್ತಾ ಹೇಳಿ, ಸಾಕು."

ನಲವತ್ತೊಂಬತ್ತರ ಹೆಂಗಸು, ಸ್ಟೂಲಿನ ಮೇಲೆ,
ಮೂಗಿಗೆ ಅರ್ಧ ಸೇರು ಪ್ಲಾಸ್ಟಿಕ್ಕು.
ತಲೆ ತಿರುಗಲಿಲ್ಲ. ಬಾಗಿಲು ತೆರೆಯಿತು.

ಆಟಗಾರರ ಕಾರ್ಡುಗಳ ಮ್ಯೂಸಿಯಮ್ಮಂತೆ.
ಟಿಕೆಟ್ಟಿಲ್ಲ, ಚಪ್ಪಲಿ ಬಿಡಬೇಕಿಲ್ಲ,
ನಾನು ನಡೆದದ್ದು ನೆಲಕ್ಕೆ ಗೊತ್ತೇ ಆಗುವುದಿಲ್ಲ.
ಮೊದಲ ಕೋಣೆಯಲ್ಲಿ ಸಿಗರೇಟು ಪ್ಯಾಕಿನಿಂದ ಇಳಿದವರು:
ನೂರು ವರ್ಷದಿಂದ ಎತ್ತಿದ ಬ್ಯಾಟು ಇಳಿಸಿಲ್ಲ,
ಬೂಟ್ ಪಾಲಿಶ್ಶಿನಂಥ ಮೀಸೆ, ಚಾ ಬಣ್ಣದ ಆಕಾಶ.
ಬೆರಳು ತೋರಿಸಿದರೆ ದೋಸೆಯ ಹಾಗೆ ಮಗುಚುತ್ತಾರೆ.
ಬೆನ್ನ ಮೇಲೆ ಲೆಕ್ಕ.
ಮನೆಯಲ್ಲಿ ಏನೇನಾಯಿತೋ, ಬರೆದದ್ದು ಇಷ್ಟೇ,
ಎಷ್ಟು ಹೊಡೆದ, ಎಷ್ಟು ಸಲ ಸೊನ್ನೆಗೆ ಹೋದ.

ಎರಡನೆಯದರಲ್ಲಿ ನಿಂತುಬಿಟ್ಟೆ.
ಬಬಲ್‌ಗಮ್ಮಿನ ಕಾರ್ಡುಗಳು. ನಮ್ಮವೇ.

ಗಮ್ಮಿಗೊಂದು ಕಾರ್ಡು, ಕಾರ್ಡಿಗಿಷ್ಟು ರನ್ನು.
ನೂರು ಕೂಡಿಸಿದರೆ ಬೊಂಬಾಯಿಯಿಂದ ಒಂದು ಪುಸ್ತಕ,
ಹಾಳೆ ಸರ್ರನೆ ಬಿಟ್ಟರೆ ಬೌಲರು ಓಡಿ ಬರುವಂಥದ್ದು.
ಆದರೆ ನೂರರೊಳಗೆ ಒಂದಾದರೂ ಆರು ಇರಲೇಬೇಕು.
ಒಂದು, ಎರಡು, ನಾಕು ಸೇರಿ
ನನ್ನ ಹತ್ತಿರ ನೂರಾ ಹದಿನೆಂಟು.
ಆರಿಲ್ಲ.
"ಆರು ಹಾಸನಕ್ಕೆ ಬರಲ್ಲ ಕಣಮ್ಮ,"
ಅಂಗಡಿ ಪದ್ಮನಾಭ ಶೆಟ್ಟರು ತಕ್ಕಡಿ ಒರೆಸುತ್ತ ಅಂದಿದ್ದರು,
"ಮೈಸೂರಲ್ಲೇ ಇಳಿದುಬಿಡುತ್ತೆ."

ಗೋಡೆಗೆ ಕಾರ್ಡು ಎಸೆದು ಆಡುವ ಆಟದಲ್ಲಿ
ಹುಡುಗರಿಂದ ಗೆದ್ದವೂ ಇದ್ದವು ಅದರಲ್ಲಿ.
ಗೆದ್ದ ದಿನ ಒಬ್ಬನೂ ಮಾತಾಡಿಸುತ್ತಿರಲಿಲ್ಲ.

ನಾನು ದೊಡ್ಡವಳಾದ ವಾರ
ಸೋದರತ್ತೆ ಪೌಡರ್ ಡಬ್ಬಿ ತೆಗೆದು ನೋಡಿದಳು.
"ಗಂಡಸರ ಫೋಟೋ ಇಟ್ಟುಕೊಳ್ಳೋ ವಯಸ್ಸಾ ಇದು?"
ಹಂಡೆ ಒಲೆಯ ಬಾಯಿ ತೆರೆದೇ ಇತ್ತು.
ಮೀಸೆ ಮೊದಲು ಮುದುಡಿತು, ಆಮೇಲೆ ಟೋಪಿ.
ಆ ದಿನದ ಬಿಸಿನೀರಿಗೆ
ನೂರಾ ಹದಿನೆಂಟು ರನ್ನು ಖರ್ಚಾಯಿತು.

ಈಗ ಗಾಜಿನ ಹಿಂದೆ, ಬಾಗಿಲಷ್ಟು ಎತ್ತರಕ್ಕೆ, ಅದು.
ಯಾರ ಮುಖವೋ, ನೋಡಲಿಲ್ಲ,
ಮೂಲೆಯ ಆರನ್ನೇ ನೋಡಿದೆ.
ಕೆಳಗೆ ಸಣ್ಣಕ್ಷರ:
"ಈ ಸರಣಿಯಲ್ಲಿ ತೀರಾ ಸಾಮಾನ್ಯ. ಹೇರಳವಾಗಿ ಸಿಗುತ್ತದೆ."

ಮೂಸಿದೆ. ಗಮ್ಮಿನ ಗುಲಾಬಿ ವಾಸನೆಯಿಲ್ಲ,
ಮುಬಷಿರನ ತಲೆಗೆಣ್ಣೆ, ಸುಟ್ಟ ಬೆಸುಗೆ.

ಮುಂದಿನ ಕೋಣೆ ಹೊಸದು, ಕಣ್ಣು ಕುಕ್ಕುತ್ತದೆ.
ಜೆರ್ಸಿಯ ಗುಂಡಿಯಷ್ಟು ಚೂರು ಕತ್ತರಿಸಿ ಕೂರಿಸಿದ್ದಾರೆ,
ತೊಂಬತ್ತೊಂಬತ್ತರಲ್ಲಿ ಏಳನೆಯದು ಎಂದು ನಂಬರು;
ಕೆಲವಂತೂ ಕಾಗದವನ್ನೇ ಕಂಡಿಲ್ಲ.
ಒಬ್ಬಳು ಹುಡುಗಿ, ಕಬಡ್ಡಿಯವಳು,
ತೊಡೆ ತಟ್ಟಿ ಗೆರೆ ದಾಟುತ್ತಾಳೆ, ನಾಕು ಸೆಕೆಂಡು,
ಮತ್ತೆ ಮೊದಲಿಂದ ಅದೇ ಉಸಿರು.
ಅವಳ ಸೋದರತ್ತೆ ಯಾರೋ. ಯಾವ ಊರೋ.

ಹಿಂದಕ್ಕೆ ಬಂದೆ. ಆರಿಗೆ ಕೈ ಚಾಚಿದೆ.
ಸ್ಟೇಪ್ಲರ್ ನೆಲಕ್ಕೆ ಬಿತ್ತು.
"ಆಂಟೀ, ನಿಧಾನ!"
ಅಷ್ಟರಲ್ಲಿ ಕರೆಂಟು ಬಂದು ಎಮ್ಮೆ ಗುರ್ ಅಂದಿತು.

ಕೌಂಟರಿನಾಚೆ ಒಬ್ಬ ಅಜ್ಜ, ದುದ್ದದ ಕಡೆಯವರು,
ಎಷ್ಟು ಹೊತ್ತಿನಿಂದ ನಿಂತಿದ್ದರೋ,
ನಾನು ಗಾಳಿ ತಡವುವುದನ್ನು ನೋಡುತ್ತಾ.
ಆಧಾರ್ ಕಾರ್ಡು ಮುಂದಿಟ್ಟರು, "ಎರಡೂ ಕಡೆ ತಾಯಿ."
ಮುಖ ಇಟ್ಟೆ. ಮಗುಚಿದೆ. ಬೆನ್ನಿಟ್ಟೆ.
ನಾಕು ರೂಪಾಯಿ. ಅವರು ಕೊಟ್ಟದ್ದು ಐದು.
ಒಂದಕ್ಕೆ ಚಿಲ್ಲರೆಯಿಲ್ಲ, ಡಬ್ಬದಿಂದ ಗಮ್ ತೆಗೆದುಕೊಟ್ಟೆ.
"ಹಲ್ಲೆಲ್ಲಿದೆ ನಂಗೆ? ನೀನೇ ತಿನ್ನು," ಎಂದು
ಬಸ್ಸಿಗೆ ಹೊರಟರು.

ಸಿಪ್ಪೆ ಬಿಚ್ಚಿದೆ.
ಗಮ್ಮನ್ನು ಬಾಯಿಗಿಡುವ ಮುಂಚೆ
ಕಾಗದದ ಒಳಗೆ ನೋಡಿದೆ,
ಮಗುಚಿ, ಇನ್ನೊಂದು ಕಡೆಯೂ.