ನಾಲಿಗೆಯಡಿ

ಬೆಳಿಗ್ಗೆ ಎಂಟೂಮುಕ್ಕಾಲು. ಹಲ್ ಪಟ್ಟಣ, ಹೋಲ್ಡರ್ನೆಸ್ ರಸ್ತೆ.
ಔಷಧಿ ಅಂಗಡಿಯ ಶಟರ್ ಇನ್ನೂ ಅರ್ಧಕ್ಕೇ ಎದ್ದಿದೆ,
ಬಗ್ಗಿ ಒಳಗೆ ಹೋಗುತ್ತೇನೆ. ಡಿಸ್ಕು ಸರಿದ ಬೆನ್ನು
ಈಗಲೂ ಬಗ್ಗುವಾಗ ಹೆಸರು ಹಿಡಿದು ಕರೆಯುತ್ತದೆ.

ಬಟ್ಟೆ ಅಂಗಡಿಯ ಟ್ರಯಲ್ ರೂಮಿನಷ್ಟಗಲದ ಕೋಣೆ.
ಒಂದು ಕುರ್ಚಿ. ಫ್ಲೂ ಲಸಿಕೆಯ ಪೋಸ್ಟರು. ಗೋಡೆ ಗಡಿಯಾರ.
ಬ್ರೈಯೊನಿ ಮಾತ್ರೆಯನ್ನು ಪುಟ್ಟ ಕಾಗದದ ಬಟ್ಟಲಿಗೆ ಹಾಕಿ
"ಮೊದಲು ನೀರು" ಅನ್ನುತ್ತಾಳೆ. ಕುಡಿಯುತ್ತೇನೆ.
ನಾಲಿಗೆ ಎತ್ತುತ್ತೇನೆ. ಇಡುತ್ತೇನೆ. ಮುಚ್ಚುತ್ತೇನೆ.

ಕರಗುವ ತನಕ ನುಂಗುವಂತಿಲ್ಲ,
ಮಾತಾಡುವಂತಿಲ್ಲ.
ಹತ್ತು ನಿಮಿಷ.

ಯುಗಾದಿಯ ಬೇವಿಗಾದರೂ ಬೆಲ್ಲದ ಜೊತೆಯಿದೆ.
ಇದು ಒಂಟಿ ಕಹಿ,
ಮೇಲೆ ನಿಂಬೆಯ ಸುಳ್ಳು ವಾಸನೆ ಹಚ್ಚಿಕೊಂಡಿದೆ.

ಎರಡು ತುಂಬಿದರೂ ನನಗೆ ಮಾತು ಬಂದಿರಲಿಲ್ಲವಂತೆ.
ಅಮ್ಮ ಸಾಣೆಕಲ್ಲಿನ ಮೇಲೆ ಬಜೆ ತೇಯ್ದು
ದಿನಾ ನಾಲಿಗೆಗೆ ಸವರಿದಳಂತೆ.
ಆಮೇಲೆ ಬಂದದ್ದು ನಿಲ್ಲಲೇ ಇಲ್ಲ:
ಮನೆಯಲ್ಲಿ, ತರಗತಿಯಲ್ಲಿ, ಕೊನೆಗೆ ಕೌಂಟರುಗಳ ಮುಂದೆ.

ಏಳು ವಾರಕ್ಕೆ ಏಳು ಔಷಧಿ ಅಂಗಡಿ.
ಸೋಮವಾರ ನನ್ನ ಹಲ್ಲು. ಮಂಗಳವಾರ ಗಂಡನ ಮೊಣಕಾಲು,
ಗಂಡ ತೀರಿ ಆಗಲೇ ನಾಲ್ಕು ವರ್ಷ.
ಬುಧವಾರ, ಇಲ್ಲದ ನಾದಿನಿಗೆ ಇಲ್ಲದ ಮೈಗ್ರೇನು.
ಕೊಡೀನ್ ಇದೆ, ಮೂರು ದಿನ ಮಾತ್ರ, ಚಟ ಹಿಡಿಯಬಹುದು
ಎಂದು ಡಬ್ಬಿಯ ಮೇಲೇ ಬರೆದಿತ್ತು.
ಓದು ಬಾರದವಳಲ್ಲ ನಾನು. ಗಣಿತದ ಟೀಚರು.
ಮೂರೊಂದ್ಲ ಮೂರು, ಮೂರೆರಡ್ಲ ಆರು,
ಹೀಗೆ ಮೂರು ವರ್ಷ.

ಯಾರೂ ಹಿಡಿಯಲಿಲ್ಲ. ಅದೇ ಕಷ್ಟವಾಯಿತು.
ನಾನೇ ಹೋದೆ.

"ದಿನಕ್ಕೆ ಎಷ್ಟು?" ಕೇಳಿದರು ಡಾಕ್ಟರ್ ಹ್ಯಾಲಂ.
ಎಂಟು ಅಂದೆ. ಪೆನ್ನು ಕಾಯಿತು.
ಹದಿನಾರು. ಪೆನ್ನು ಕಾಯಿತು.
ಬಾಯಿಂದ ಮೂವತ್ತೆರಡು ಜಾರಿ ಬಿದ್ದಾಗ
ಹುಬ್ಬೇರಿಸದೆ ಬರೆದುಕೊಂಡರು,
ಕಾಲಿನ ಅಳತೆ ಬರೆದುಕೊಳ್ಳುವ ಚಪ್ಪಲಿ ಅಂಗಡಿಯವರ ಹಾಗೆ.

ಮುಂದಿನ ಸಲ ಬರುವಾಗ ಏನೂ ನುಂಗದೆ ಬಾ,
ನಡುಕ ಶುರುವಾದ ಮೇಲೆಯೇ ಈ ಮದ್ದು ಅಂದಿದ್ದರು.
ಆಕಳಿಕೆ, ಸೋರುವ ಮೂಗು, ಪುಕ್ಕ ಕಿತ್ತ ಕೋಳಿಯಂಥ ಮೈ.
ಒಂದೊಂದಕ್ಕೂ ಅಂಕ ಹಾಕುತ್ತ ಹೋದರು.
ಇಪ್ಪತ್ತೆರಡು ವರ್ಷ ಅಂಕ ಹಾಕಿದವಳು
ಕತ್ತು ಚಾಚಿ ನೋಡಿದೆ: ಹದಿನಾಲ್ಕು.
"ಸಾಕು" ಅಂದರು. "ಪಾಸಾ?" ಅಂದೆ.
ಇಬ್ಬರೂ ನಕ್ಕೆವು. ನನ್ನ ನಗು ವಾಂತಿಯಲ್ಲಿ ಮುಗಿಯಿತು.

ಐದು ನಿಮಿಷ. ಜೊಲ್ಲು ತುಂಬುತ್ತದೆ.
ಚೀಲದೊಳಗೆ ಫೋನು ನಡುಗುತ್ತದೆ: ಬಳ್ಳಾರಿ, ತಂಗಿ ಪಾರಿಜಾತ.
ಅಲ್ಲಿ ಊಟ ಮುಗಿಸಿ ತಟ್ಟೆ ತೊಳೆದಿಟ್ಟ ಹೊತ್ತು.
ಎತ್ತಿದ್ದರೆ "ಆರಾಮಿದೀನಿ ಬಿಡೇ" ಅನ್ನುತ್ತಿದ್ದೆ.
ಅಷ್ಟು ಬೇಗ ಕರಗುವ ಮಾತು
ನನ್ನ ಬಾಯಲ್ಲಿ ಬೇರೊಂದಿಲ್ಲ.
ಫೋನು ಸುಮ್ಮನಾಗುತ್ತದೆ.
ಇಡೀ ದಿನದಲ್ಲಿ ಈ ಹತ್ತು ನಿಮಿಷ
ನಾನು ಯಾರಿಗೂ ಸುಳ್ಳು ಹೇಳಲಾರೆ.
ಮೊದಲ ವಾರ ಶಿಕ್ಷೆ ಅಂದುಕೊಂಡಿದ್ದೆ.
ಈಗ ಇದಕ್ಕೆ ಏನನ್ನಬೇಕೋ ತಿಳಿಯದು.

ಪರದೆಯಾಚೆ ಯಾರೋ ನೋವಿನ ಮಾತ್ರೆ ಕೇಳುತ್ತಿದ್ದಾಳೆ.
ಕಾರಣವನ್ನು ತುಸು ಹೆಚ್ಚೇ ವಿವರಿಸುತ್ತಾಳೆ.
ಬೆಲೆ ಹೇಳುವ ಮೊದಲೇ ಪರ್ಸಿನ ಜಿಪ್ಪು ಎಳೆದ ಸದ್ದು.
ಆ ಸದ್ದು ನನಗೆ ಗೊತ್ತು.
ಎದ್ದು ಹೋಗಿ ಏನಾದರೂ ಹೇಳೋಣವೆಂದರೆ
ಬಾಯಿ ತುಂಬ ಔಷಧಿ.

"ಎತ್ತಿ, ನೋಡೋಣ," ಬ್ರೈಯೊನಿ.
ನಾಲಿಗೆಯಡಿ ಒಂದಿಷ್ಟು ಸುಣ್ಣದ ಬಿಳುಪು ಅಷ್ಟೇ.
"ಆಯ್ತು. ಇನ್ನು ಮಾತಾಡಬಹುದು."

ಹೊರಬರುವಷ್ಟರಲ್ಲಿ ಆಕೆ ಹೋಗಿಯಾಗಿದೆ,
ಬಾಗಿಲ ಗಂಟೆ ಇನ್ನೂ ಅಲ್ಲಾಡುತ್ತಿದೆ.
ಹಂಬರ್ ನದಿಯ ಕಡೆಯಿಂದ ಕೆಸರಿನ ಗಾಳಿ.
ಬಸ್ ಸ್ಟಾಪಿನಲ್ಲಿ ನಿಂತು ಪಾರಿಜಾತಳ ಹೆಸರು ಒತ್ತುತ್ತೇನೆ.

"ಯಾಕೆ ಎತ್ತಲಿಲ್ಲ?"
ನಾಲಿಗೆಗೆ ಇನ್ನೂ ಜೋಮು.
"ಬಾಯಲ್ಲಿ ಮಾತ್ರೆ ಇತ್ತು."
"ಯಾವ ಮಾತ್ರೆ?"

ಬಸ್ಸು ಬರುತ್ತದೆ.
ಹೋಗಲು ಬಿಡುತ್ತೇನೆ.